15ನೇ ವಿಧಿಯಲ್ಲಿ ಧರ್ಮ ಯಾಕಿದೆ? 377ರ ಪ್ರಕರಣದ ಒಂದು ಅಧ್ಯಯನ

ಮಗನಿಗೆ ಗಂಡಸರ ಮೇಲೆ, ಮಗಳಿಗೆ ಹುಡುಗಿಯ ಮೇಲೆ ಮನಸ್ಸು ಅಂತ ಗೊತ್ತಾದ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಸಹವಾಸ ದೋಷ’. ಇನ್ನೊಂದು, ‘ಹುಟ್ಟುಗುಣ ಸುಟ್ಟರೂ ಹೋಗಲ್ಲ’. ಮೊದಲ ಮಾತಿನವರು ಮದುವೆಯೊಂದು ಆದರೆ ಎಲ್ಲ ಸರಿಹೋಗುತ್ತದೆ ಅಂತ ಸಂಬಂಧ ಹುಡುಕಲು ಹೊರಡುತ್ತಾರೆ. ಎರಡನೆಯವರು ಹಣೆಬರಹ ಅಂತ ಸುಮ್ಮನಾಗುತ್ತಾರೆ.

2018ರಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ನಡೆಯಿತು. ನವತೇಜ್ ಸಿಂಗ್ ಜೋಹರ್ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣ ಅದು. ಸೆಪ್ಟೆಂಬರ್ 6ರಂದು ತೀರ್ಪು ಬಂತು. ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಅಂತಾಯಿತು. ಮಾರನೇ ದಿನದಿಂದಲೇ ಜನ ಅದನ್ನು ಒಂದು ಸಾಲಿಗೆ ಇಳಿಸಿದರು: ‘ಇದು ಹುಟ್ಟಿನಿಂದ ಬಂದದ್ದು, ಚರ್ಮದ ಬಣ್ಣದ ಹಾಗೆ, ಅದಕ್ಕೇ ತಪ್ಪಲ್ಲ.’ ಈ ಸಾಲು ಸುಳ್ಳಲ್ಲ, ತೀರ್ಪಿನೊಳಗೆ ಇದಕ್ಕೆ ಆಧಾರವೂ ಇದೆ. ಆದರೆ ತೀರ್ಪು ನಿಂತಿರುವುದು ಇದೊಂದರ ಮೇಲೇ ಅಲ್ಲ. ಹಾಗೆ ನಿಂತಿದ್ದರೆ ಗಟ್ಟಿಯಾಗಿಯೂ ಇರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ಪ್ರಕರಣದ ಹಿನ್ನೆಲೆ ಸ್ವಲ್ಪ ಬೇಕು.

ಹಿನ್ನೆಲೆ

ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377 ಬ್ರಿಟಿಷರ 1860ರ ಕಾನೂನು. ‘ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆ ಕೊಡಬಹುದಿತ್ತು. 2001ರಲ್ಲಿ ನಾಜ್ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2009ರ ಜುಲೈ 2ರಂದು ನ್ಯಾಯಮೂರ್ತಿ ಎ.ಪಿ. ಶಾ ಮತ್ತು ಎಸ್. ಮುರಳೀಧರ್ ಅರ್ಜಿಯನ್ನು ಎತ್ತಿಹಿಡಿದರು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಸುರೇಶ್ ಕುಮಾರ್ ಕೌಶಲ್ ಪ್ರಕರಣ ಅಂತ ಹೆಸರಾದದ್ದು ಇದೇ.

ಕೌಶಲ್ ತೀರ್ಪಿನ ಎರಡು ಮಾತು ನೆನಪಿಡಬೇಕು. ಒಂದು, ಈ ಜನ ಒಟ್ಟು ಜನಸಂಖ್ಯೆಯಲ್ಲಿ ತೀರಾ ಅತ್ಯಲ್ಪ, 150 ವರ್ಷಗಳಲ್ಲಿ 200ಕ್ಕಿಂತ ಕಡಿಮೆ ಜನರ ಮೇಲೆ ಕೇಸು ನಡೆದಿದೆ ಅಂದಿತ್ತು. ಇನ್ನೊಂದು, 377 ಯಾವ ವ್ಯಕ್ತಿಯನ್ನೂ ಗುಂಪನ್ನೂ ಗುರಿ ಮಾಡಿಲ್ಲ, ಕೆಲವು ಕೃತ್ಯಗಳನ್ನಷ್ಟೇ ಅಪರಾಧ ಮಾಡಿದೆ ಅಂದಿತ್ತು. ಈ ಎರಡನೇ ಮಾತು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

2016ರಲ್ಲಿ ಭರತನಾಟ್ಯ ಕಲಾವಿದ ನವತೇಜ್ ಜೋಹರ್, ಪತ್ರಕರ್ತ ಸುನಿಲ್ ಮೆಹ್ರಾ, ಬಾಣಸಿಗೆ ರಿತು ದಾಲ್ಮಿಯಾ, ಹೋಟೆಲ್ ಉದ್ಯಮಿ ಅಮನ್ ನಾಥ್ ಮತ್ತು ಆಯೇಷಾ ಕಪೂರ್ ಸೇರಿ ಹೊಸ ಅರ್ಜಿ ಹಾಕಿದರು. ‘ನಮ್ಮ ಬದುಕಿಗೇ ಇದು ತಟ್ಟಿದೆ’ ಅಂತ ಸ್ವಂತ ಹೆಸರಿನಲ್ಲಿ ಬಂದವರು ಇವರು. ಬೆಂಗಳೂರಿನ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಅದೇ ವರ್ಷ ಇನ್ನಿಬ್ಬರ ಜೊತೆ ಪ್ರತ್ಯೇಕ ಅರ್ಜಿ ಹಾಕಿದರು. ಮರುವರ್ಷ, 2017ರ ಆಗಸ್ಟ್ 24ರಂದು, ಖಾಸಗಿತನದ ತೀರ್ಪು ಬಂತು. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದವರ ಪ್ರಕರಣ 377ರ ಬುಡ ಅಲುಗಾಡಿಸಿತು. ಲೈಂಗಿಕ ಒಲವು ಖಾಸಗಿತನದ ತಿರುಳಿಗೆ ಸೇರಿದ್ದು, ಹಕ್ಕು ಕೇಳಲು ತಲೆ ಎಣಿಸಬೇಕಿಲ್ಲ ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ ಮಾತು ಬಂದ ಮೇಲೆ ಕೌಶಲ್ ತೀರ್ಪು ಉಳಿಯುವುದು ಕಷ್ಟವೇ ಆಗಿತ್ತು.

ವಾದ

2018ರ ಜುಲೈ 10ರಿಂದ 17ರ ನಡುವೆ ವಿಚಾರಣೆ ಮುಗಿಯಿತು. ಕೇಂದ್ರ ಸರ್ಕಾರ ಎರಡನೇ ದಿನವೇ ‘ನ್ಯಾಯಾಲಯದ ವಿವೇಚನೆಗೆ ಬಿಟ್ಟಿದ್ದೇವೆ’ ಅಂತ ಪಕ್ಕಕ್ಕೆ ಸರಿಯಿತು. ಬಹಳ ಜಾಣ ನಡೆ ಅನ್ನಿ. ಎದುರು ನಿಂತವರು ಹಿಂದೆ ದೆಹಲಿ ತೀರ್ಪಿನ ವಿರುದ್ಧ ಮೇಲ್ಮನವಿ ಹಾಕಿದ್ದ ಕೌಶಲ್ ಮತ್ತು ಕೆಲವು ಕ್ರೈಸ್ತ ಸಂಘಟನೆಗಳು.

ಜೋಹರ್ ಪರವಾಗಿ ಮುಕುಲ್ ರೋಹಟ್ಗಿ ಮೊದಲಿಗೇ ಹುಟ್ಟಿನ ವಾದ ಹಿಡಿದರು: ಲೈಂಗಿಕ ಒಲವು ಆಯ್ಕೆಯಲ್ಲ, ಮನುಷ್ಯ ಅದರೊಂದಿಗೇ ಹುಟ್ಟುತ್ತಾನೆ. ಈ ವಾದ ಕೇಳಿದ ತಕ್ಷಣ ಒಪ್ಪಬೇಕು ಅನಿಸುತ್ತದೆ. ‘ಪ್ರಕೃತಿಯ ನಿಯಮಕ್ಕೆ ವಿರುದ್ಧ’ ಅನ್ನುವ ಕಾನೂನಿಗೆ ‘ಇದೂ ಪ್ರಕೃತಿಯೇ’ ಅನ್ನುವುದು ನೇರ ಉತ್ತರ. ಎದುರಿನವರ ವಾದಗಳಲ್ಲಿ ಒಂದು ಇನ್ನೂ ಸರಳ: ಸಂವಿಧಾನದ 15ನೇ ವಿಧಿಯಲ್ಲಿ ‘ಲಿಂಗ’ ಅಂತ ಇದೆ, ‘ಲೈಂಗಿಕ ಒಲವು’ ಅಂತ ಇಲ್ಲ.

15ನೇ ವಿಧಿಯನ್ನು ಒಮ್ಮೆ ನೋಡೋಣ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವಿಷ್ಟೇ ಕಾರಣಕ್ಕೆ ಸರ್ಕಾರ ಯಾವ ಪ್ರಜೆಗೂ ತಾರತಮ್ಯ ಮಾಡಬಾರದು ಅನ್ನುತ್ತದೆ ಅದು. ಐದರಲ್ಲಿ ನಾಲ್ಕು ಹುಟ್ಟಿನ ಜೊತೆ ಬರುವಂಥವು. ಯಾವ ಊರಲ್ಲಿ ಹುಟ್ಟಿದಿರಿ ಅನ್ನುವುದನ್ನು ನೀವು ತಿದ್ದಲಾರಿರಿ. ಆದರೆ ಧರ್ಮ? ಅದನ್ನು ಬಿಡಬಹುದು, ಬದಲಾಯಿಸಬಹುದು. ಸಂವಿಧಾನವನ್ನು ಬರೆದ ಸಮಿತಿಯ ಅಧ್ಯಕ್ಷರೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಹಾಗಿದ್ದೂ ಪಟ್ಟಿಯಲ್ಲಿ ಮೊದಲು ಇರುವುದು ಧರ್ಮವೇ. ‘ನಿನಗೆ ಕಷ್ಟ ಆದರೆ ಧರ್ಮ ಬದಲಾಯಿಸಿಕೋ, ತಾರತಮ್ಯ ತಾನಾಗಿ ನಿಲ್ಲುತ್ತದೆ’ ಅಂತ ಯಾವ ನ್ಯಾಯಾಧೀಶರೂ ಹೇಳುವುದಿಲ್ಲ. ಹೇಳಿದರೆ ನಾವು ಬಿಡುತ್ತೇವಾ?

ಅಂದಮೇಲೆ ರಕ್ಷಣೆಗೆ ಹುಟ್ಟು ಬೇಕೇ ಬೇಕು ಅನ್ನುವ ಷರತ್ತು ನಮ್ಮ ಸಂವಿಧಾನದಲ್ಲಿ ಇಲ್ಲ.

ತೀರ್ಪಿನೊಳಗಿನ ಒಂದು ಪ್ಯಾರಾ

ತೀರ್ಪು 495 ಪುಟದ್ದು, ಅಭಿಪ್ರಾಯಗಳು ನಾಲ್ಕು. ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ತಮಗೂ ಖಾನ್ವಿಲ್ಕರ್ ಅವರಿಗೂ ಸೇರಿಸಿ ಬರೆದರು. ನರಿಮನ್, ಚಂದ್ರಚೂಡ್ ಮತ್ತು ಇಂದೂ ಮಲ್ಹೋತ್ರಾ ಬೇರೆ ಬೇರೆ ಬರೆದರು. ಮಿಶ್ರಾ ಅವರ ಭಾಗದಲ್ಲಿ ಪ್ರಕೃತಿ ಕೊಟ್ಟದ್ದು ಸಹಜವೇ ಅನ್ನುವ ಧಾಟಿ ಜೋರಾಗಿದೆ. ನರಿಮನ್ 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ಮುಂದಿಟ್ಟು ಇದು ಕಾಯಿಲೆಯಲ್ಲ ಅಂದರು. ಚಂದ್ರಚೂಡ್ ಸಹಜ-ಅಸಹಜ ಅನ್ನುವ ಗೆರೆಯನ್ನೇ ಅನುಮಾನದಿಂದ ನೋಡಿದರು. ಸಹಜವಾದದ್ದೆಲ್ಲ ಒಳ್ಳೆಯದು ಅಂತಿಲ್ಲ, ಹೃದಯದ ಕಸಿ ಅಸಹಜ ಅಂತ ಅದು ಕೆಟ್ಟದ್ದೂ ಅಲ್ಲ ಅನ್ನುವ ವಾದ ಅವರ ಬರಹದಲ್ಲಿದೆ.

ಆದರೆ ನಾನು ನಿಲ್ಲುವುದು ಇಂದೂ ಮಲ್ಹೋತ್ರಾ ಅವರ ಭಾಗದಲ್ಲಿ. ನಾಲ್ಕರಲ್ಲಿ ಅತಿ ಚಿಕ್ಕದು ಅದು. ಇತಿಹಾಸ ಈ ಜನರ ಕ್ಷಮೆ ಕೇಳಬೇಕು ಅನ್ನುವ ಅವರ ಸಾಲು ಎಲ್ಲ ಪತ್ರಿಕೆಗಳಲ್ಲಿ ಬಂತು. ನನಗೆ ಮುಖ್ಯವೆನಿಸಿದ ಪ್ಯಾರಾವನ್ನು ಹೆಚ್ಚಿನವರು ದಾಟಿಕೊಂಡು ಹೋದರು. ಅಲ್ಲಿ ಅವರು ಹೇಳುವುದು ಹೆಚ್ಚುಕಮ್ಮಿ ಹೀಗೆ: ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮನುಷ್ಯನ ಕೈಯಲ್ಲಿಲ್ಲದವು, ಬದಲಾಗದವು. ಧರ್ಮ ಹಾಗಲ್ಲ, ಅದು ವ್ಯಕ್ತಿಯ ಮೂಲಭೂತ ಆಯ್ಕೆ. ಇವುಗಳಲ್ಲಿ ಯಾವುದರ ಹೆಸರಲ್ಲಿ ತಾರತಮ್ಯ ಮಾಡಿದರೂ ವ್ಯಕ್ತಿಯ ಸ್ವಾಯತ್ತತೆಗೆ ಪೆಟ್ಟು ಬೀಳುತ್ತದೆ.

ಇದರ ಜೊತೆ ಅವರು 1995ರ ಕೆನಡಾದ ಈಗನ್ ಪ್ರಕರಣವನ್ನು ತರುತ್ತಾರೆ. ಜೇಮ್ಸ್ ಈಗನ್ ಮತ್ತು ಜಾನ್ ನೆಸ್ಬಿಟ್ 1948ರಿಂದ ಜೊತೆಗಿದ್ದವರು. ವಯಸ್ಸಾದ ಮೇಲೆ ಸಂಗಾತಿಗೆ ಸಿಗುವ ಸರ್ಕಾರಿ ಭತ್ಯೆ ಕೇಳಿದರು. ಗಂಡು-ಹೆಣ್ಣಿನ ಜೋಡಿಗೆ ಮಾತ್ರ ಅಂತ ಸರ್ಕಾರ ನಿರಾಕರಿಸಿತು. 5-4ರಲ್ಲಿ ಅವರು ಸೋತರು. ಆದರೆ ಲೈಂಗಿಕ ಒಲವಿನ ಮೇಲಿನ ತಾರತಮ್ಯಕ್ಕೂ ಸಮಾನತೆಯ ಹಕ್ಕು ಅನ್ವಯಿಸುತ್ತದೆ ಅಂತ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ನ್ಯಾಯಮೂರ್ತಿ ಲಾ ಫೊರೆಸ್ಟ್ ಹೇಳಿದ ಅಳತೆಗೋಲು ಸೊಗಸಾಗಿದೆ: ಲೈಂಗಿಕ ಒಲವಿಗೆ ಜೈವಿಕ ಕಾರಣ ಇದೆಯೋ ಇಲ್ಲವೋ ವಿವಾದ ಇರಲಿ, ಅದು ವ್ಯಕ್ತಿಯ ಆಳದ ಗುಣ. ಅದನ್ನು ಬದಲಿಸಲು ಆಗುವುದಿಲ್ಲ, ಇಲ್ಲವೇ ಒಪ್ಪಲಾಗದಷ್ಟು ದೊಡ್ಡ ಬೆಲೆ ತೆತ್ತು ಬದಲಿಸಬೇಕು.

‘ಒಪ್ಪಲಾಗದ ಬೆಲೆ’ ಅನ್ನುವ ಅಳತೆಗೋಲಿನಲ್ಲಿ ಜನಾಂಗವೂ ಧರ್ಮವೂ ಒಟ್ಟಿಗೆ ಹಿಡಿಸುತ್ತವೆ. ಧರ್ಮ ಬದಲಾಯಿಸಿದವರಿಗೆ ಮನೆ, ನೆಂಟರು, ಆಸ್ತಿ, ಕೆಲವು ಸಲ ಮೀಸಲಾತಿ ಕೂಡ ಕೈತಪ್ಪುತ್ತದೆ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮಕ್ಕೆ ಹೋದವರು ಪರಿಶಿಷ್ಟ ಜಾತಿಯವರಾಗಿ ಉಳಿಯುವುದಿಲ್ಲ. ಆಯ್ಕೆ ಅನ್ನುವುದು ಕಾಗದದ ಮೇಲೆ ಎಷ್ಟು ಸುಲಭ, ಬದುಕಿನಲ್ಲಿ ಎಷ್ಟು ದುಬಾರಿ ಅಲ್ವಾ? ನಮ್ಮಲ್ಲಿ ಧರ್ಮವೂ ಮುಕ್ಕಾಲು ಪಾಲು ಹುಟ್ಟಿನ ಜೊತೆಗೇ ಅಂಟಿಕೊಳ್ಳುವಂಥದ್ದು. ನಾಮಕರಣದಲ್ಲಿ ಹೆಸರಿನ ಜೊತೆ ಅದೂ ಬಂದುಬಿಡುತ್ತದೆ. ಶಾಲೆಗೆ ಸೇರಿಸುವಾಗ ಅರ್ಜಿಯ ಖಾನೆಯನ್ನು ಅಪ್ಪ ತುಂಬುತ್ತಾನೆ, ಮಗುವನ್ನು ಯಾರೂ ಕೇಳುವುದಿಲ್ಲ.

ಇನ್ನು ಕೃತ್ಯದ ಮಾತು. ಇಲ್ಲಿ ಲೈಂಗಿಕ ಒಲವು ಜನಾಂಗಕ್ಕಿಂತ ಧರ್ಮಕ್ಕೇ ಹತ್ತಿರ ಅಂತ ನನಗನಿಸುತ್ತದೆ. ಜನಾಂಗಕ್ಕೆ ಆಚರಣೆ ಬೇಕಿಲ್ಲ. ಕಪ್ಪು ಚರ್ಮದವನು ಸುಮ್ನೆ ನಿಂತಿದ್ದರೂ ಕಪ್ಪೇ. ಧರ್ಮಕ್ಕೆ ನಂಬಿಕೆಯೂ ಇದೆ, ಆಚರಣೆಯೂ ಇದೆ. ‘ನೀನು ಏನು ಬೇಕಾದರೂ ನಂಬು, ನಮಾಜು ಮಾತ್ರ ಮಾಡಬೇಡ’ ಅನ್ನುವ ಕಾನೂನು ಬಂದರೆ ಅದು ಕೃತ್ಯಕ್ಕಷ್ಟೇ ನಿಷೇಧ, ಮುಸ್ಲಿಮರ ವಿರುದ್ಧ ಅಲ್ಲ ಅಂತ ಯಾರಾದರೂ ಒಪ್ಪುತ್ತಾರಾ? ಕೌಶಲ್ ತೀರ್ಪು ಕೇಳಿದ್ದು ಇದನ್ನೇ. ನೀನು ಸಲಿಂಗಿಯಾಗಿರು, ಪ್ರೀತಿಸಿದವನ ಹತ್ತಿರ ಹೋಗಬೇಡ ಅಂತ.

ಕೃತ್ಯಕ್ಕಷ್ಟೇ ಶಿಕ್ಷೆ ಅನ್ನುವುದು ನೆಲದ ಮೇಲೆ ಹೇಗಿತ್ತು ಅನ್ನುವುದಕ್ಕೆ ಅರ್ಜಿದಾರರಲ್ಲೇ ಒಬ್ಬರು ಸಾಕ್ಷಿ. ಲಖನೌದ ಆರಿಫ್ ಜಾಫರ್ ಎಚ್‌ಐವಿ ತಡೆಗಟ್ಟುವ ಕೆಲಸ ಮಾಡುತ್ತಿದ್ದವರು. 2001ರಲ್ಲಿ ಪೊಲೀಸರು ಅವರನ್ನು 377ರ ಅಡಿಯಲ್ಲೂ ಬಂಧಿಸಿದರು. 47 ದಿನ ಜೈಲಿನಲ್ಲಿದ್ದರು. 200ಕ್ಕಿಂತ ಕಡಿಮೆ ಕೇಸು ಅನ್ನುವ ಲೆಕ್ಕ ವರದಿಯಾದ ತೀರ್ಪುಗಳದ್ದು. ಕೇಸು ಹಾಕುತ್ತೇನೆ ಅಂತ ಹೆದರಿಸಿ ದುಡ್ಡು ಕಿತ್ತುಕೊಂಡದ್ದು ಯಾವ ಲೆಕ್ಕದಲ್ಲೂ ಸೇರುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ

ಹಾಗಾದರೆ ಹುಟ್ಟಿನ ವಾದ ಸುಳ್ಳೇ? ಅಲ್ಲ. 1991ರಲ್ಲಿ ಸೈಮನ್ ಲಿವೇ ಮಿದುಳಿನ ಒಂದು ಸಣ್ಣ ಭಾಗದ ಗಾತ್ರದಲ್ಲಿ ವ್ಯತ್ಯಾಸ ಕಂಡರು. 1993ರಲ್ಲಿ ಡೀನ್ ಹ್ಯಾಮರ್ ಎಕ್ಸ್ ಕ್ರೋಮೋಸೋಮಿನ ಒಂದು ಭಾಗದತ್ತ ಬೆರಳು ತೋರಿಸಿದರು. ಪತ್ರಿಕೆಗಳು ‘ಗೇ ಜೀನ್’ ಅಂತ ದೊಡ್ಡಕ್ಷರದಲ್ಲಿ ಬರೆದವು. ಜೋಹರ್ ತೀರ್ಪಿನ ಮರುವರ್ಷ, 2019ರಲ್ಲಿ, ಸುಮಾರು 4.7 ಲಕ್ಷ ಜನರ ವಂಶವಾಹಿ ಮಾಹಿತಿಯ ಅಧ್ಯಯನ ಪ್ರಕಟವಾಯಿತು. ಅಂಥ ಒಂದೇ ಜೀನ್ ಇಲ್ಲ ಅಂತಾಯಿತು. ಖಚಿತವಾಗಿ ಸಿಕ್ಕ ತಾಣಗಳು 5. ಸಣ್ಣಪುಟ್ಟ ಸಾವಿರಾರು ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೆ ಸಲಿಂಗ ವರ್ತನೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ. 8ರಿಂದ 25ರಷ್ಟನ್ನು ವಿವರಿಸಬಹುದು. ಒಬ್ಬ ವ್ಯಕ್ತಿಯ ರಕ್ತ ಪರೀಕ್ಷೆ ಮಾಡಿ ಅವನ ಒಲವು ಹೇಳಲು ಆಗುವುದಿಲ್ಲ.

ಇದನ್ನು ಹಿಡಿದು ‘ನೋಡಿ, ಹುಟ್ಟಿನಿಂದಲ್ಲ’ ಅಂದವರೂ ಇದ್ದಾರೆ. ಅವಸರದ ಮಾತು ಅದು. ವಂಶವಾಹಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಯ್ಕೆ ಅಂತ ಅರ್ಥವಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣಂದಿರು ಹೆಚ್ಚಿದಂತೆ, ತಮ್ಮ ಸಲಿಂಗಿಯಾಗುವ ಸಂಭವ ಒಬ್ಬೊಬ್ಬ ಅಣ್ಣನಿಗೆ ಸುಮಾರು ಮೂರನೇ ಒಂದರಷ್ಟು ಏರುತ್ತದೆ ಅಂತ ರೇ ಬ್ಲಾಂಚರ್ಡ್ ಮತ್ತಿತರ ಸಂಶೋಧಕರು ತೋರಿಸಿದ್ದಾರೆ. ಮೊದಲಿನ ಪ್ರಮಾಣವೇ ಚಿಕ್ಕದಾದ್ದರಿಂದ ಏರಿದ ಮೇಲೂ ಅದು ಚಿಕ್ಕದೇ. ಗರ್ಭದೊಳಗೇ ಏನೋ ನಡೆಯುತ್ತದೆ ಅನ್ನುವುದಕ್ಕೆ ಇದು ಸುಳಿವು. ಇನ್ನೊಂದು ಕಡೆ, ಬದಲಾಯಿಸಲು ಹೊರಟವರ ಕಥೆ ಇದೆ. ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ 2003ರಲ್ಲಿ ಕೆಲವರು ಚಿಕಿತ್ಸೆಯಿಂದ ಬದಲಾದರು ಅಂತ ಬರೆದರು. 2012ರಲ್ಲಿ ಆ ಅಧ್ಯಯನಕ್ಕಾಗಿ ಸಲಿಂಗಿಗಳ ಕ್ಷಮೆ ಕೇಳಿದರು. ಪ್ರಾರ್ಥನೆಯಿಂದ ಬದಲಾಯಿಸುತ್ತೇವೆ ಅನ್ನುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಬಾಗಿಲು ಮುಚ್ಚಿತು. ಯಾಕೆ ಬರುತ್ತದೆ ಅನ್ನುವುದು ಪೂರ್ತಿ ಬಿಡಿಸಲಾಗದ ಗಂಟು. ಬೇಕು ಅಂತ ಆರಿಸಿಕೊಂಡದ್ದಲ್ಲ, ಬೈದು ಹೊಡೆದು ಬಿಡಿಸಲಾಗುವುದಿಲ್ಲ ಅನ್ನುವುದು ಗಟ್ಟಿ.

ತಮಾಷೆ ಏನೆಂದರೆ, ಹೋಲಿಕೆಗೆ ತರುವ ಜನಾಂಗವೂ ನಾವು ಅಂದುಕೊಂಡಷ್ಟು ಹುಟ್ಟಿನ ವಿಷಯವಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಪಂಜಾಬಿನ ಭಗತ್ ಸಿಂಗ್ ಥಿಂಡ್ ನಿಂತಿದ್ದರು. ಆಗಿನ ಪಂಡಿತರು ಮಾಡಿದ್ದ ವರ್ಗೀಕರಣದಲ್ಲಿ ಉತ್ತರ ಭಾರತದವರು ಕಕೇಶಿಯನ್ನರು, ಹಾಗಾಗಿ ನಾನೂ ಬಿಳಿಯ, ಪೌರತ್ವ ಕೊಡಿ ಅಂದರು. ಪಂಡಿತರ ಮಾತು ಬೇಡ, ಸಾಮಾನ್ಯ ಜನ ‘ಬಿಳಿಯ’ ಅಂತ ಯಾರನ್ನು ಅನ್ನುತ್ತಾರೋ ಅವರೇ ಬಿಳಿಯರು ಅಂತ ಕೋರ್ಟು ಹೇಳಿತು. ಚರ್ಮ ಹುಟ್ಟಿನಿಂದ ಬಂದಿರಬಹುದು, ಗೆರೆ ಎಳೆದದ್ದು ಸಮಾಜ. ಇವತ್ತಿಗೂ ಜನಾಂಗದ ತಾರತಮ್ಯದ ಕೇಸಿನಲ್ಲಿ ಯಾರೂ ಜೀನ್ ರಿಪೋರ್ಟ್ ಕೇಳುವುದಿಲ್ಲ. ಸಲಿಂಗಿಗಳನ್ನು ಮಾತ್ರ ಯಾಕೆ ಕೇಳಬೇಕು?

‘ಹುಟ್ಟಿನಿಂದಲೇ’ ಅನ್ನುವ ಮಾತಿನ ಇನ್ನೊಂದು ಮುಖ

ನಮ್ಮ ದೇಶದಲ್ಲಿ ಹುಟ್ಟಿನಿಂದ ಬಂದದ್ದು ಅನ್ನುವುದು ಯಾರನ್ನೂ ಕಾಪಾಡಿದ ದಾಖಲೆ ಇಲ್ಲ. ಜಾತಿಗಿಂತ ದೊಡ್ಡ ಪುರಾವೆ ಬೇಕಾ? ಹುಟ್ಟೇ ಕಾರಣ ಅಂತ ಕೆರೆಯ ನೀರು ಮುಟ್ಟಲು ಬಿಡಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟು ಕಳ್ಳರು ಅಂತ ಪಟ್ಟಿ ಮಾಡಿತು. ಅದೇ ಕಾಯ್ದೆಯ ಎರಡನೇ ಭಾಗ ಹಿಜಡಾಗಳ ಹೆಸರು ಬರೆದಿಡಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಅದರ ನೆರಳು ಕರ್ನಾಟಕದಲ್ಲೂ ಉಳಿದಿತ್ತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಸೆಕ್ಷನ್ ಹಿಜಡಾಗಳ ಮೇಲೆ ಕಣ್ಣಿಡುವುದಕ್ಕೇ ಇತ್ತು. ಹೈಕೋರ್ಟಿನಲ್ಲಿ ಪ್ರಶ್ನೆಯಾದ ಮೇಲೆ ಸರ್ಕಾರ ಅದನ್ನು ತಿದ್ದಿತು. ಹುಟ್ಟಿನದು ಅಂತ ಸಾಬೀತಾದರೆ ಜನ ಒಪ್ಪುತ್ತಾರೆ ಅನ್ನುವವರು ‘ಹಾಗಾದರೆ ಹುಟ್ಟು ದೋಷ, ಗರ್ಭದಲ್ಲೇ ಪರೀಕ್ಷೆ ಮಾಡಿಸೋಣ’ ಅನ್ನುವ ಉತ್ತರಕ್ಕೂ ತಯಾರಿರಬೇಕು. ಹೆಣ್ಣು ಭ್ರೂಣದ ವಿಷಯದಲ್ಲಿ ನಾವೇ ನೋಡಿದ್ದೇವಲ್ಲ.

ದ್ವಿಲಿಂಗಿಗಳ ಕಷ್ಟ ಇನ್ನೊಂದು. ಗಂಡು-ಹೆಣ್ಣು ಇಬ್ಬರ ಮೇಲೂ ಮನಸ್ಸಿರುವವರಿಗೆ ‘ನಿನಗೆ ಆಯ್ಕೆ ಇದೆಯಲ್ಲ, ಹೆಣ್ಣನ್ನೇ ಆರಿಸಿಕೋ’ ಅಂದುಬಿಡಬಹುದು. ಹುಟ್ಟಿನ ವಾದದಲ್ಲಿ ಇವರಿಗೆ ಸರಿಯಾದ ಉತ್ತರ ಇಲ್ಲ. ಧರ್ಮದ ಹೋಲಿಕೆಯಲ್ಲಿ ಇದೆ: ಆಯ್ಕೆ ಇದ್ದರೂ ಆ ಆಯ್ಕೆ ಅವರದು, ಸರ್ಕಾರದ್ದಲ್ಲ.

ಆದರೂ ಹುಟ್ಟಿನ ವಾದವನ್ನು ಪೂರ್ತಿ ಎಸೆಯಲು ನನಗೆ ಮನಸ್ಸಿಲ್ಲ. ಕೋರ್ಟಿಗೆ ಅದು ಬೇಕಿಲ್ಲದಿರಬಹುದು, ಮನೆಗೆ ಬೇಕು. ‘ನಾನು ಸಾಕಿದ್ದರಲ್ಲಿ ಎಲ್ಲಿ ತಪ್ಪಾಯಿತು’ ಅಂತ ಕೊರಗುವ ಅಮ್ಮನಿಗೆ 15ನೇ ವಿಧಿ ಓದಿ ಹೇಳಿದರೆ ಸಮಾಧಾನ ಆಗುವುದಿಲ್ಲ. ‘ನಿಮ್ಮಿಂದ ಆದದ್ದಲ್ಲಮ್ಮ, ಅವನು ಇರುವುದೇ ಹೀಗೆ’ ಅಂದರೆ ಆಗುತ್ತದೆ. ಡಾಕ್ಟರ ಹತ್ತಿರ, ದೇವರು ಮೈಮೇಲೆ ಬರುವವರ ಹತ್ತಿರ ಮಕ್ಕಳನ್ನು ಎಳೆದೊಯ್ಯುವುದು ಇದರಿಂದ ಸ್ವಲ್ಪ ಕಡಿಮೆಯಾದರೂ ದೊಡ್ಡದೇ. ಬದಲಾಯಿಸುವ ಚಿಕಿತ್ಸೆಯ ವಿರುದ್ಧ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನ್ 7ರಂದು ಆದೇಶ ಕೊಟ್ಟರು. ಅದಕ್ಕೆ ಮೊದಲು ಅವರೇ ಮನಶ್ಶಾಸ್ತ್ರಜ್ಞರೊಬ್ಬರ ಮುಂದೆ ಕೂತು ವಿಷಯ ತಿಳಿದುಕೊಂಡಿದ್ದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆ ವೃತ್ತಿಯ ದುರ್ನಡತೆ ಅಂದಿತು.

ತೀರ್ಪಿನ ನಂತರ

ಸಹಜ ಅಂತ ಒಪ್ಪಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಅನ್ನುವುದಕ್ಕೆ ಸಲಿಂಗ ಮದುವೆಗೆ ಮನ್ನಣೆ ಕೇಳಿದ್ದ ಸುಪ್ರಿಯೋ ಪ್ರಕರಣದ 2023ರ ಅಕ್ಟೋಬರ್ 17ರ ತೀರ್ಪು ಸಾಕು. ಸಲಿಂಗ ಒಲವು ಸಹಜವಾದದ್ದು, ಪೇಟೆಯವರ ಶೋಕಿ ಅಲ್ಲ ಅಂತ ಚಂದ್ರಚೂಡ್ ಅಲ್ಲೂ ವಿವರವಾಗಿ ಬರೆದರು. ಆದರೂ ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಅನ್ನುವುದರಲ್ಲಿ ಐವರೂ ಒಂದಾದರು. ಮದುವೆ ಬಿಟ್ಟು ಬೇರೆ ರೀತಿಯ ಕಾನೂನು ಮನ್ನಣೆಯೂ ಮೂರು-ಎರಡರಲ್ಲಿ ಬಿದ್ದುಹೋಯಿತು. 377 ಅಂತೂ 2024ರ ಜುಲೈ 1ರಂದು ಹೊಸ ಭಾರತೀಯ ನ್ಯಾಯ ಸಂಹಿತೆ ಬಂದಾಗ ಪೂರ್ತಿ ಇಲ್ಲವಾಯಿತು.

ಉಳಿದಿರುವ ಕೆಲಸ ಮತ್ತೆ 15ನೇ ವಿಧಿಯದೇ. ಅದರ ಮೊದಲ ಭಾಗ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತದೆ. ಎರಡನೇ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಯವರೆಗೂ ಹೋಗುತ್ತದೆ, ಖಾಸಗಿಯವರನ್ನೂ ಹಿಡಿಯುತ್ತದೆ. ‘ಲಿಂಗ’ ಅನ್ನುವುದರಲ್ಲಿ ಲೈಂಗಿಕ ಒಲವೂ ಸೇರುತ್ತದೆ ಅಂತ ಜೋಹರ್ ತೀರ್ಪಿನಲ್ಲಿ ಬಂದಮೇಲೆ, ಇಬ್ಬರು ಹುಡುಗರಿಗೆ ಅದೇ ಕಾರಣಕ್ಕೆ ರೂಮಿಲ್ಲ ಅನ್ನುವ ಲಾಡ್ಜನ್ನು ಈ ಭಾಗದಡಿ ಪ್ರಶ್ನಿಸಲು ದಾರಿ ಇದೆ. ಬಾಡಿಗೆ ಮನೆಗೆ ಆ ದಾರಿ ಇಲ್ಲ, ಪಟ್ಟಿಯಲ್ಲಿ ಮನೆ ಇಲ್ಲ. ಖಾಸಗಿ ಕಂಪನಿಯ ಕೆಲಸವೂ ಇಲ್ಲ. 2019ರ ಕಾಯ್ದೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಕೆಲಸದಲ್ಲಿ, ಮನೆಯ ವಿಷಯದಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಸಲಿಂಗಿ ಅಂತ ಗೊತ್ತಾಗಿ ಮನೆ ಖಾಲಿ ಮಾಡಿಸಿದರೆ, ಕೆಲಸದಿಂದ ತೆಗೆದರೆ, ಆ ತಾರತಮ್ಯವನ್ನೇ ಹಿಡಿದು ಕೇಳಲು ಅಂಥ ಒಂದು ಕೇಂದ್ರ ಕಾಯ್ದೆ ಇನ್ನೂ ಆಗಿಲ್ಲ.